ಮನೆ ಕೊಳ್ಳುವ ಮುಂಚೆ ಪತ್ರದಲ್ಲಿ ಹೆಸರು ಎಣಿಸಿ

ಹೋದ ವರ್ಷ ಹಾಸನದ ಅಂಚಿನಲ್ಲಿ ಒಂದು ಮನೆ ನೋಡಿದ್ದೆವು. 30-40ರ ಸೈಟು, ಎರಡು ರೂಮು, ಹಿತ್ತಲಲ್ಲಿ ತಲೆಯೆತ್ತರದ ಕರಿಬೇವಿನ ಗಿಡ. 58 ಲಕ್ಷ ಹೇಳಿದ್ದರು. ನಮ್ಮವರಿಗೆ ಒಂದೇ ನೋಟಕ್ಕೆ ಹಿಡಿಸಿಬಿಟ್ಟಿತು. ನನಗೂ ಅಷ್ಟೇ.

ಬ್ರೋಕರ್ ಪ್ಲಾಸ್ಟಿಕ್ ಕವರಿನಲ್ಲಿ ಜೆರಾಕ್ಸ್ ಪ್ರತಿಗಳನ್ನು ತಂದುಕೊಟ್ಟರು. ಕ್ರಯಪತ್ರ, ಇಸಿ (ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ), ಅಲಿನೇಷನ್ ಆರ್ಡರ್ (ಹೊಲವನ್ನು ಸೈಟಿಗೆ ಬದಲಾಯಿಸಿದ ಆದೇಶ), ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಕಂದಾಯದ ರಶೀದಿ. "ಎಲ್ಲಾ ಕ್ಲಿಯರ್ ಅಕ್ಕಾ, ನಾಳೆ 2 ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊಂಡುಬಿಡಿ" ಅಂದರು. ಒಂದು ವಾರ ಟೈಮ್ ಕೇಳಿದೆ. ಆ ಒಂದು ವಾರವೇ ನಮ್ಮನ್ನು ಉಳಿಸಿದ್ದು. ಮನೆ ನೋಡುತ್ತಿರುವ ಯಾರಿಗಾದರೂ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಕಣ್ಣಿಗೆ ಬಿದ್ದದ್ದು ಇಸಿ. ಅದು 2010ರಿಂದ ಮಾತ್ರ ಇತ್ತು. ಯಾಕೆಂದರೆ ಅದನ್ನು ಸೈಟ್ ನಂಬರಿನ ಮೇಲೆ ತೆಗೆಸಿದ್ದರು, ಸೈಟು ಹುಟ್ಟಿದ್ದೇ 2010ರಲ್ಲಿ. ಅದಕ್ಕೂ ಹಿಂದೆ ಅಲ್ಲಿ ಇದ್ದದ್ದು ಹೊಲ. ಹೊಲದ ಕಥೆ ಇರುವುದು ಸರ್ವೆ ನಂಬರಿನ ಕೆಳಗೆ. ಹಾಗಾಗಿ ಸರ್ವೆ ನಂಬರ್ ಹಾಕಿ ಇನ್ನೊಂದು ಇಸಿ ತೆಗೆಸಬೇಕು. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲೇ ಸಿಗುತ್ತದೆ. ಅದಕ್ಕೂ ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಕೊಡಬೇಕು. ನಾನು 30 ವರ್ಷದ್ದು ತೆಗೆಸಿದೆ.

ಅದರಲ್ಲೂ ಏನೂ ತೊಂದರೆ ಕಾಣಲಿಲ್ಲ. 2008ರಲ್ಲಿ ಒಂದು ವಿಭಾಗ ಪತ್ರ. ತಾಯಿ, ಇಬ್ಬರು ಗಂಡುಮಕ್ಕಳು ಹೊಲ ಪಾಲು ಮಾಡಿಕೊಂಡಿದ್ದಾರೆ. ದೊಡ್ಡ ಮಗ ತನ್ನ ಪಾಲನ್ನು ಅಲಿನೇಷನ್ ಮಾಡಿಸಿ ಸೈಟ್ ಹಾಕಿದ್ದಾನೆ. ನಮಗೆ ಮನೆ ಮಾರುವವರು ಅವನಿಂದ ಸೈಟು ಕೊಂಡಿದ್ದಾರೆ. ಸಾಲ ಇಲ್ಲ, ಅಡಮಾನ ಇಲ್ಲ.

ಆದರೆ ಇಸಿಯಲ್ಲಿ ಬರುವುದು ರಿಜಿಸ್ಟರ್ ಆದ ಪತ್ರಗಳು ಮಾತ್ರ. ಮನೆಯ ಯಜಮಾನ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆಗುವ ಪೌತಿ ಖಾತೆ ಅದರಲ್ಲಿ ಬರುವುದಿಲ್ಲ. ಅದು ಸಿಗುವುದು ಪಹಣಿಯಲ್ಲಿ, ಅಂದರೆ ಹೊಲದ ಕಂದಾಯ ದಾಖಲೆಯಲ್ಲಿ. ಹಾಗಾಗಿ ಹಳೇ ವರ್ಷಗಳ ಪಹಣಿ ತೆಗೆಸಿದೆ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿಗಿದೆ ಎಂದಿರುತ್ತದೆ, 10ರಲ್ಲಿ ಅದು ಅವರಿಗೆ ಹೇಗೆ ಬಂತು ಎಂದು. 2008ಕ್ಕಿಂತ ಹಿಂದಿನ ಪಹಣಿಯ 10ನೇ ಕಾಲಂನಲ್ಲಿ ಒಂದು ಎಂ.ಆರ್. (ಖಾತೆ ಬದಲಾವಣೆಯ ದಾಖಲೆ) ನಂಬರ್, ಪಕ್ಕದಲ್ಲಿ 'ಪೌತಿ' ಎಂದು ಇತ್ತು. 9ರಲ್ಲಿ ಹೆಸರುಗಳು. ಪೆನ್ಸಿಲ್ ಇಟ್ಟು ಎಣಿಸಿದೆ. ನಾಲ್ಕು.

ವಿಭಾಗ ಪತ್ರ ತೆಗೆದು ಮತ್ತೆ ಎಣಿಸಿದೆ. ಮೂರು.

ಇಲ್ಲದ ಹೆಸರು ಮಗಳದ್ದು. ಅಪ್ಪ ಹೋದಾಗ ಪಹಣಿಯಲ್ಲಿ ಇದ್ದವಳು ಐದು ವರ್ಷ ಕಳೆಯುವಷ್ಟರಲ್ಲಿ ಪತ್ರದಲ್ಲಿ ಇಲ್ಲ. ಅವಳು ಹಕ್ಕು ಬಿಟ್ಟುಕೊಟ್ಟ ಪತ್ರ ಇಸಿಯಲ್ಲೂ ಇಲ್ಲ, ಎಲ್ಲೂ ಇಲ್ಲ.

ನನಗೆ ಇದು ಹೊಳೆದದ್ದಕ್ಕೆ ಒಂದು ಕಾರಣ ಇದೆ. ನಮ್ಮಪ್ಪ ತೀರಿಕೊಂಡ ಮೇಲೆ ನಾನು ಅಣ್ಣನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದೇನೆ. ಅಣ್ಣ ಬಲವಂತ ಮಾಡಲಿಲ್ಲ. ಪತ್ರ ಬರಹಗಾರರ ಮುಂದೆ ಕೂರಿಸಿ ಅದನ್ನು ಎರಡು ಸಲ ಓದಿಸಿದ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ ತೆಗೆದರು, ಹೆಬ್ಬೆಟ್ಟು ಮೆಷಿನ್ ಮೇಲೆ ಒತ್ತಿಸಿದರು. ಹೊರಗೆ ಬಂದು ಅಣ್ಣ ಅತ್ತುಬಿಟ್ಟ. ಒಬ್ಬ ಹೆಣ್ಣುಮಗಳು ಪಾಲು ಬೇಡ ಎನ್ನುವುದಾದರೂ ಅದಕ್ಕೆ ಇಷ್ಟೆಲ್ಲ ಕ್ರಮ ಇದೆ. ಸುಮ್ನೆ ಹೆಸರು ಬಿಟ್ಟರೆ ಅವಳ ಹಕ್ಕು ಹೋಗಿಬಿಡುತ್ತದಾ?

ಹೋಗುವುದಿಲ್ಲ. ನಾವು ಹಿಡಿದ ವಕೀಲರು ಬಿಡಿಸಿ ಹೇಳಿದರು. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳ ಜೊತೆ ಮಗಳೂ ವಾರಸುದಾರಳು. ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿ ಅವಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆಗ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. "ಆ ಹೆಣ್ಣುಮಗಳು ಕೇಸ್ ಹಾಕಿದರೆ ಗೆಲ್ಲುತ್ತಾಳೋ ಸೋಲುತ್ತಾಳೋ ಅದು ಮುಂದಿನ ಮಾತಮ್ಮ, ಅಲ್ಲೀತನಕ ಕೋರ್ಟಿಗೆ ಅಲೆಯುವವರು ನೀವು" ಎಂದರು.

ಬ್ರೋಕರ್‌ಗೆ ಹೇಳಿದರೆ, "ಎಲ್ಲಾ ಕಡೆ ಹೀಗೇ ಅಕ್ಕಾ, ಇಷ್ಟೆಲ್ಲಾ ನೋಡ್ತಾ ಕೂತ್ರೆ ಮನೆ ತಗೊಳ್ಳೋಕಾಗಲ್ಲ" ಎಂದರು. ಆ ಹೆಣ್ಣುಮಗಳನ್ನು ಕರೆಸಿ, ಅವಳಿಗೆ ಸೇರಬೇಕಾದದ್ದನ್ನು ಕೊಟ್ಟು, ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿ ಎಂದು ಕೇಳಿದೆವು. ಮಾರುವವರು ಒಪ್ಪಲಿಲ್ಲ. ಅವರದ್ದೂ ತಪ್ಪಿಲ್ಲ ಪಾಪ, ನಂಬಿ ಕೊಂಡವರು. ನಾವು ಬಿಟ್ಟುಬಂದೆವು. ಆ ಕರಿಬೇವಿನ ಗಿಡ ಈಗಲೂ ನೆನಪಾಗುತ್ತದೆ.

ಬ್ಯಾಂಕ್ ಲೋನ್ ಕೊಡುತ್ತದೆ ಎಂದರೆ ಪತ್ರ ಸರಿ ಇದೆ ಎಂದೇ ಅರ್ಥ ಎಂದು ತುಂಬಾ ಜನ ನಂಬುತ್ತಾರೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿಗೋಸ್ಕರ. ನಮ್ಮ ಪರವಾಗಿ ಓದಲು ನಮ್ಮದೇ ವಕೀಲರು ಬೇಕು. ಖಾತೆ ವಿಷಯವೂ ಹಾಗೆಯೇ. ಕಂದಾಯ ಕಟ್ಟುವವರು ಯಾರು ಎಂದು ಖಾತೆ ಹೇಳುತ್ತದೆ, ಮಾಲೀಕತ್ವ ಬರುವುದು ಕ್ರಯಪತ್ರದಿಂದ. ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮೇಲೆ ಮಾರುತ್ತೇವೆ ಎಂದರೆ ಎದ್ದುಬನ್ನಿ. ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ಒರಿಜಿನಲ್ ಪತ್ರಗಳನ್ನು ಕಣ್ಣಾರೆ ನೋಡಬೇಕು. ಜೆರಾಕ್ಸ್ ಮಾತ್ರ ತೋರಿಸುತ್ತಿದ್ದರೆ ಒರಿಜಿನಲ್ ಯಾವುದೋ ಬ್ಯಾಂಕಿನಲ್ಲಿ ಇರಬಹುದು.

ಹಳೇ ಪಹಣಿ ನೋಡುವಾಗ ಜಮೀನು ಮೂಲದಲ್ಲಿ ಸರ್ಕಾರದಿಂದ ಮಂಜೂರಾದದ್ದಾ ಎಂದೂ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, 1978ರ ಪಿಟಿಸಿಎಲ್ ಕಾಯ್ದೆ ಇರುವುದೇ ಅದಕ್ಕೆ. ಹಾಗೆ ಮಾರಿದ್ದರೆ ಅವರು ಅರ್ಜಿ ಹಾಕಿ ಜಮೀನು ವಾಪಸ್ ಕೇಳಬಹುದು, 2023ರ ತಿದ್ದುಪಡಿಯ ಪ್ರಕಾರ ಅದಕ್ಕೆ ಕಾಲಮಿತಿ ಇಲ್ಲ. ಕೇಳಬೇಕಾದದ್ದೇ, ಅದು ಅವರ ಭೂಮಿ. ಅದರ ಮೇಲೆ ನಮ್ಮ ಮನೆ ಇರಬಾರದು, ಅಷ್ಟೇ.

ಇನ್ನು ಚಕ್ಕುಬಂದಿ, ಅಂದರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿ. ಪತ್ರ ಕೈಯಲ್ಲಿ ಹಿಡಿದು, ಟೇಪ್ ತಗೊಂಡು ಸೈಟಿನ ನಾಲ್ಕು ದಿಕ್ಕಿಗೂ ನಡೆಯಿರಿ. ಆಮೇಲೆ ನೋಡಿದ ಒಂದು ಮನೆಯ ಪತ್ರದಲ್ಲಿ 'ಪೂರ್ವಕ್ಕೆ ರಸ್ತೆ' ಎಂದಿತ್ತು. ಹೋಗಿ ನಿಂತರೆ ಪೂರ್ವಕ್ಕೆ ಪಕ್ಕದವರ ಗೋಡೆ.

ಕೊನೆಗೆ ಈ ಫೆಬ್ರವರಿಯಲ್ಲಿ ಒಂದು ಮನೆ ಕೊಂಡೆವು. ಗಂಡ ತೀರಿಕೊಂಡ ಒಬ್ಬ ಅಜ್ಜಿಯ ಮನೆ. ವಂಶವೃಕ್ಷದಲ್ಲಿ ಅಜ್ಜಿ, ಮಗ, ಇಬ್ಬರು ಹೆಣ್ಣುಮಕ್ಕಳು. ಕ್ರಯಪತ್ರದಲ್ಲೂ ಅದೇ ನಾಲ್ಕು ಹೆಸರು. ರಿಜಿಸ್ಟ್ರೇಷನ್ ದಿನ ಹೆಣ್ಣುಮಕ್ಕಳಿಬ್ಬರೂ ಬೆಂಗಳೂರಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಚಿಕ್ಕವಳು ಸಹಿ ಮಾಡುವ ಮುಂಚೆ ಬೆಂಚಿನ ಮೇಲೆ ಕೂತು ಒಂದೊಂದೇ ಹಾಳೆ ಓದಿದಳು. ಬರಹಗಾರರು ಎರಡು ಸಲ ಟೈಮ್ ನೋಡಿಕೊಂಡರು. ನಾನು ಅವಳಿಗೆ ಕಾಫಿ ತಂದುಕೊಟ್ಟೆ, ನಿಧಾನಕ್ಕೆ ಓದು ಅಂದೆ.