ಹೂದಂಟು ಕತ್ತರಿಸಿದರೂ ಸೊರಗಿದ ಫ್ಲೈಟ್ರ್ಯಾಪ್

ಬಲೆಯಂಥ ಎಲೆಯಲ್ಲಿ ಹುಳ ಹಿಡಿದು ತಿನ್ನುವ ನನ್ನ ಫ್ಲೈಟ್ರ್ಯಾಪ್ ಗಿಡದಿಂದ ಕತ್ತರಿಸಿ, ಒಂಬತ್ತು ವಾರದ ಹಿಂದೆ ಜೌಗಿನ ಸ್ಫ್ಯಾಗ್ನಮ್ ಪಾಚಿಯಲ್ಲಿ ಚುಚ್ಚಿಟ್ಟಿದ್ದ ಹೂದಂಟಿನ ಬುಡದಲ್ಲಿ ಮೊನ್ನೆ ಎರಡು ಮರಿ ಕಾಣಿಸಿದವು. ಒಂದೊಂದರಲ್ಲೂ ಸಾಸಿವೆ ಕಾಳಿನಷ್ಟು ಬಲೆ! ತುಂಬಾ ಖುಷಿಯಾಯಿತು. ಆದರೆ ನನ್ನ ನಿದ್ದೆ ಕೆಡಿಸಿದ್ದು ತಾಯಿಗಿಡ.

ಕಳೆದ ವರ್ಷ ಅದನ್ನು ಹೂ ಬಿಡಲು ಬಿಟ್ಟಿದ್ದೆ. ದಂಟು ಗೇಣುದ್ದ ಬೆಳೆಯಿತು, ಬಿಳಿ ಹೂ ಅರಳಿತು, ಅಷ್ಟರಲ್ಲಿ ಹೊಸ ಬಲೆಗಳು ಅರ್ಧಕ್ಕರ್ಧ ಸಣ್ಣವಾಗಿ ಹಳೆಯವು ಒಂದೊಂದಾಗಿ ಕಪ್ಪಾದವು. ಎಲ್ಲ ಹೂವಿನದೇ ತಪ್ಪು ಅಂದುಕೊಂಡೆ. ಈ ಸಲ ದಂಟು ಎರಡು ಇಂಚು ಆಗುತ್ತಲೇ ಕತ್ತರಿಸಿದೆ. ಆದರೂ ಅದೇ ಪಾಡು! ಬಿಸಿಲು ಜಾಸ್ತಿ ಕೊಟ್ಟೆ, ತಟ್ಟೆಯಲ್ಲಿ ನೀರು ಕಡಿಮೆ ಮಾಡಿದೆ, ಕೊನೆಗೆ ಕಿತ್ತು ನೋಡಿದರೆ ಗೆಡ್ಡೆ ಗಟ್ಟಿಯಾಗಿಯೇ ಇತ್ತು, ಬೇರಿನ ತುದಿಗಳು ಮಾತ್ರ ಸುಟ್ಟಂತೆ ಮೊಂಡಾಗಿದ್ದವು.

ಸುಳಿವು ಸಿಕ್ಕಿದ್ದು ಪಕ್ಕದ ಕುಂಡದಲ್ಲಿ. ಅಲ್ಲಿನ ಫ್ಲೈಟ್ರ್ಯಾಪ್ ಎರಡು ದಂಟು ಹೂ ಬಿಟ್ಟು, ಹೊಳೆಯುವ ಕಪ್ಪು ಬೀಜ ಕಟ್ಟಿ, ಒಂದಷ್ಟು ದಿನ ನಿಧಾನವಾಗಿ ಆಮೇಲೆ ಆರಾಮಾಗಿ ಬೆಳೆಯುತ್ತಿದೆ. ಅದೇ ನೀರು, ಅದೇ ಬಿಸಿಲು. ಕುಂಡಕ್ಕೆ ತುಂಬಿದ ಪೀಟ್ (ಜೌಗಿನಲ್ಲಿ ಕೊಳೆತ ಪಾಚಿಯ ಪುಡಿ) ಮಾತ್ರ ಬೇರೆ ಚೀಲದ್ದು. ಎರಡೂ ಕುಂಡಕ್ಕೆ ಡಿಸ್ಟಿಲ್ಡ್ ನೀರು ಸುರಿದು, ಕೆಳಗೆ ಬಸಿದದ್ದಕ್ಕೆ, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದೆ. ಚೆನ್ನಾಗಿದ್ದ ಕುಂಡದ್ದು 38 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 38. ಸೊರಗಿದ್ದರದ್ದು 310!

ಮಾರಿದವರನ್ನು ಕೇಳಿದೆ. ‘ಗಿಡ ಚೆನ್ನಾಗಿ ಬರಲಿ ಅಂತ ಸ್ವಲ್ಪ ಗೊಬ್ಬರ ಬೆರೆಸಿದ್ದೇವೆ’ ಅಂದರು. ಚೀಲದ ಮೇಲೆ ‘ಶುದ್ಧ ಪೀಟ್’ ಅಂತ ಅಚ್ಚು ಹಾಕಿ ಹೀಗೆ ಮಾಡಿದರೆ ಸಿಟ್ಟು ಬರಲ್ವಾ? ಸತ್ವವಿಲ್ಲದ ಜೌಗು ಮಣ್ಣಿಗೆ ಒಗ್ಗಿದ ಬೇರಿಗೆ ಗೊಬ್ಬರ ವಿಷವೇ.

ಹೂವಿಗೆ ಶಕ್ತಿ ಖರ್ಚಾಗುವುದು ನಿಜ, ಬೀಜ ಕಟ್ಟಿದರೆ ಇನ್ನೂ ಜಾಸ್ತಿ. ಈಗಷ್ಟೇ ಕುಂಡ ಬದಲಿಸಿದ ಗಿಡ, ಚಳಿಗಾಲದ ವಿಶ್ರಾಂತಿ ಸಿಗದ ಗಿಡ ಆದರೆ ಈಗಲೂ ದಂಟು ಕತ್ತರಿಸುತ್ತೇನೆ. ಆದರೆ ಗಟ್ಟಿಮುಟ್ಟಾದ ಗಿಡ ಹೂವಿನಿಂದಲೇ ಸೊರಗಿತು ಅಂತ ಇನ್ನು ಸುಮ್ನೆ ಒಪ್ಪಲ್ಲ. ಮೊದಲು ಮೀಟರ್ ಅದ್ದುತ್ತೇನೆ. ಹುಳ ತಿನ್ನುವ ಇನ್ನೊಂದು ಗಿಡ ಡ್ರಾಸೆರಾ ಕೇಪೆನ್ಸಿಸ್ ನೋಡಿ, ತಾನೇ ಪರಾಗಸ್ಪರ್ಶ ಮಾಡಿಕೊಂಡು ರಾಶಿ ಬೀಜ ಉದುರಿಸಿದರೂ ದಣಿಯುವುದಿಲ್ಲ.

ಮುಂದಿನ ವಸಂತಕ್ಕೆ ಎರಡು ಫ್ಲೈಟ್ರ್ಯಾಪ್‌ಗಳ ನಡುವೆ ಕುಂಚ ಹಿಡಿದು ನಾನೇ ಪರಾಗ ಸಾಗಿಸಬೇಕು. ಈ ಹೂವಲ್ಲಿ ಪರಾಗ ಮೊದಲು ಉದುರುತ್ತದೆ, ಪರಾಗ ಹಿಡಿಯುವ ಶಲಾಕೆಯ ತುದಿ ಕುಚ್ಚಿನಂತೆ ಬಿಚ್ಚಿಕೊಳ್ಳುವುದು ಆಮೇಲೆ. ಹಾಗಾಗಿ ಇವತ್ತು ಅರಳಿದ್ದರಿಂದ ತೆಗೆದು ಸ್ವಲ್ಪ ಹಳೆಯ ಹೂವಿಗೆ ಮುಟ್ಟಿಸಬೇಕು. ಅದಕ್ಕೆ ಎರಡೂ ಗಿಡ ಸರಿಯಾಗಿರಬೇಕಲ್ಲ. ತಾಯಿಗಿಡದ ಬೇರು ತೊಳೆದು ಹೊಸ ಪೀಟ್, ಹಗುರವಾದ ಬಿಳಿ ಹರಳಿನ ಪರ್ಲೈಟ್‌ಗೆ ಹಾಕಿ ಹದಿನೆಂಟು ದಿನವಾಯಿತು. ಇವತ್ತು ಬೆಳಿಗ್ಗೆ ನಡುವಿನಿಂದ ಒಂದು ಹೊಸ ಎಲೆ ಏಳುತ್ತಿದೆ, ತುದಿ ಹಸಿರಾಗಿಯೇ ಇದೆ.