ಮಳೆಗಾಲದ ಮಡಿಕೇರಿಯಲ್ಲಿ ಲಾಲಾರಸದ ಪ್ರಯೋಗ ಕೈಕೊಡುವುದೇಕೆ

ಮಳೆಗಾಲ ಶುರುವಾದರೆ ನಮ್ಮ ಪಿಯು ಜೀವಶಾಸ್ತ್ರ ಲ್ಯಾಬಿನಲ್ಲಿ ಒಂದೇ ದೂರು: "ಸರ್, ಹದಿನೈದು ನಿಮಿಷ ಆಯ್ತು, ನೀಲಿ ಹೋಗ್ತಾನೇ ಇಲ್ಲ." ಪಿಷ್ಟಕ್ಕೆ ಅಯೋಡಿನ್ ತಾಗಿದರೆ ಕಪ್ಪುನೀಲಿ ಬರುತ್ತದೆ; ಲಾಲಾರಸ ಬೆರೆಸಿಟ್ಟರೆ ಪಿಷ್ಟ ಒಡೆದು ಆ ನೀಲಿ ಹೋಗಬೇಕು, ಪ್ರಯೋಗ ಇಷ್ಟೇ. ಮಕ್ಕಳ ಅನುಮಾನ ಮೊದಲು ಅಯೋಡಿನ್ ಬಾಟಲಿ ಮೇಲೆ. ಆದರೆ ಹೆಚ್ಚಿನ ಸಲ ತೊಂದರೆ ಇರುವುದು ಚಳಿಯಲ್ಲಿ. ಪಿಷ್ಟವನ್ನು ಒಡೆಯುವ ಲಾಲಾರಸದ ಕಿಣ್ವ (ಎನ್‌ಜೈಮ್) ಅಮೈಲೇಸ್ ಚುರುಕಾಗಿ ಕೆಲಸ ಮಾಡುವುದು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆಷಾಢದ ಮಳೆಯಲ್ಲಿ ಲ್ಯಾಬಿನ ಕೋಣೆ 20ರ ಹತ್ತಿರ ಇರುತ್ತದೆ. ಕಿಣ್ವ ಸತ್ತಿಲ್ಲ, ಮಂದವಾಗಿದೆ ಅಷ್ಟೆ. ಅದೇ ಟ್ಯೂಬನ್ನು ಬೆಚ್ಚಗಿನ ನೀರಿಗೆ ಇಳಿಸಿದರೆ ಕೆಲಸ ಮುಂದುವರಿಯುತ್ತದೆ. ಕುದಿಸಿದ ಲಾಲಾರಸ ಹಾಗಲ್ಲ. ಅದರ ಪ್ರೋಟೀನಿನ ಮಡಿಕೆ ಬಿಚ್ಚಿಹೋಗಿರುತ್ತದೆ, ಎಷ್ಟು ಹೊತ್ತು ಬೆಚ್ಚಗಿಟ್ಟರೂ ಮರಳುವುದಿಲ್ಲ.

ಕರೆಂಟ್ ಕೈಕೊಡುವ ಊರಿನಲ್ಲಿ ವಾಟರ್ ಬಾತ್ ನಂಬಿ ಕೂರಬೇಡಿ. ಒಂದು ಫ್ಲಾಸ್ಕ್ ಬಿಸಿನೀರು, ದೊಡ್ಡ ಬೀಕರ್, ಒಂದು ಥರ್ಮಾಮೀಟರ್ ಸಾಕು. ಬೀಕರ್ ನೀರು 36ಕ್ಕಿಂತ ಕೆಳಗಿಳಿದಾಗ ಸ್ವಲ್ಪ ಬಿಸಿನೀರು ಸೇರಿಸಿ 38ಕ್ಕೆ ತಂದುಕೊಳ್ಳಿ. (ಕುದಿಯುವ ನೀರಿನಲ್ಲಿ ಥರ್ಮಾಮೀಟರ್ 96 ತೋರಿಸಿದರೆ ಅದು ಕೆಟ್ಟಿದೆ ಎಂದು ಎಸೆಯಬೇಡಿ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯುವುದೇ ಅಲ್ಲಿಗೆ.)

ಪಿಷ್ಟದ ದ್ರಾವಣವನ್ನು ಅವತ್ತಿನದು ಅವತ್ತೇ ಮಾಡಿ. 1 ಗ್ರಾಂ ಪಿಷ್ಟವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 100 ಮಿ.ಲೀ. ನೀರಿಗೆ ಕೈಯಾಡಿಸುತ್ತಾ ಸುರಿದು, ಆರಿಸಿ. ಒಂದು ಚಿಟಿಕೆ ಉಪ್ಪು ಹಾಕಿ, ಈ ಕಿಣ್ವಕ್ಕೆ ಕ್ಲೋರೈಡ್ ಬೇಕು. ಪುಡಿಯನ್ನು ನೇರ ಬಿಸಿನೀರಿಗೆ ಹಾಕಿದರೆ ಗಂಟಾಗುತ್ತದೆ, ಗಂಟಿನೊಳಗಿನ ಪಿಷ್ಟ ಕೊನೆವರೆಗೂ ನೀಲಿ ಕೊಡುತ್ತಲೇ ಇರುತ್ತದೆ. ಅನ್ನದ ಗಂಜಿ ತಿಳಿಯೂ ನಡೆಯುತ್ತದೆ, ಆದರೆ ದಿನಕ್ಕೊಂದು ಹದ. ಲೆಕ್ಕ ಹೋಲಿಸಲು ಬರುವುದಿಲ್ಲ.

ಬಾಯಿ ಮುಕ್ಕಳಿಸಿದ ಮೇಲೆ 1 ಮಿ.ಲೀ. ಲಾಲಾರಸವನ್ನು ನೀರು ಸೇರಿಸಿ 10 ಮಿ.ಲೀ. ಮಾಡಿ. ಒಬ್ಬರ ಲಾಲಾರಸಕ್ಕೂ ಇನ್ನೊಬ್ಬರದಕ್ಕೂ ಅಮೈಲೇಸ್ ಪ್ರಮಾಣ ಬೇರೆ, ಹಾಗಾಗಿ ಒಂದು ಗುಂಪಿನ ಎಲ್ಲ ಟ್ಯೂಬಿಗೂ ಒಬ್ಬರದೇ ಇರಲಿ. ಒಂದು ಟ್ಯೂಬಿಗೆ 5 ಮಿ.ಲೀ. ಪಿಷ್ಟ, ಈ ನೀರು ಸೇರಿಸಿದ ಲಾಲಾರಸ 1 ಮಿ.ಲೀ. ಎರಡನ್ನೂ ಬೇರೆ ಬೇರೆ ಬೆಚ್ಚಗಾಗಿಸಿ, ಆಮೇಲೆ ಬೆರೆಸಿ. ಬಿಳಿ ಟೈಲ್ ಮೇಲೆ ಸಾಲಾಗಿ ಅಯೋಡಿನ್ ಹನಿ ಇಟ್ಟು ನಿಮಿಷಕ್ಕೊಂದು ಹನಿ ಮಿಶ್ರಣ ಬಿಡುತ್ತಾ ಹೋದರೆ ಕಪ್ಪುನೀಲಿ, ನೇರಳೆ, ಕೆಂಪುಕಂದು, ಕೊನೆಗೆ ಅಯೋಡಿನ್‌ನದೇ ಹಳದಿ. ಕೆಂಪುಕಂದು ಎಂದರೆ ಪಿಷ್ಟದ ಸರಪಳಿ ತುಂಡಾಗಿ ಡೆಕ್ಸ್‌ಟ್ರಿನ್ ಆಗಿದೆ. ಹಳದಿ ಬಂದ ಕೂಡಲೇ "ಗ್ಲೂಕೋಸ್ ಆಯ್ತು" ಎಂದು ರೆಕಾರ್ಡಿನಲ್ಲಿ ಬರೆಯುವವರೇ ಹೆಚ್ಚು. ಅದು ಮುಖ್ಯವಾಗಿ ಮಾಲ್ಟೋಸ್, ಎರಡು ಗ್ಲೂಕೋಸ್ ಸೇರಿದ ಸಕ್ಕರೆ. ಅದನ್ನು ಗ್ಲೂಕೋಸ್ ಮಾಡುವ ಕಿಣ್ವ ಮಾಲ್ಟೇಸ್ ಇರುವುದು ಸಣ್ಣ ಕರುಳಿನ ಗೋಡೆಯಲ್ಲಿ.

ಹೋಲಿಕೆಗೆಂದು ಕುದಿಸಿದ ಲಾಲಾರಸ ಹಾಕಿದ ಟ್ಯೂಬಿನಲ್ಲಿ ಒಂದು ಮೋಸವಿದೆ. ಬಿಸಿ ಬಿಸಿಯಾಗಿರುವಾಗಲೇ ಅಯೋಡಿನ್ ಹಾಕಿದರೆ ನೀಲಿ ಕಾಣುವುದಿಲ್ಲ, ತಣ್ಣಗಾದ ಮೇಲೆ ಬರುತ್ತದೆ. ಅವಸರ ಮಾಡಿದವರು "ಕುದಿಸಿದರೂ ಕಿಣ್ವ ಕೆಲಸ ಮಾಡಿತು" ಎಂದು ಬರೆದು ಕೊಡುತ್ತಾರೆ.

ಆಮ್ಲದ ಪರಿಣಾಮ ತೋರಿಸಲು ಮನೆಯಿಂದ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ) ತರುವ ಉತ್ಸಾಹಿಗಳಿದ್ದಾರೆ. ಹುಳಿಯೇನೋ ಸರಿ, ಆದರೆ ಅದರ ಕಪ್ಪಿನಲ್ಲಿ ಯಾವ ಬಣ್ಣವೂ ತಿಳಿಯದು. ಕಿತ್ತಳೆ ರಸ ಇನ್ನೂ ಕೆಟ್ಟದ್ದು: ಅದರ ವಿಟಮಿನ್ ಸಿ ಅಯೋಡಿನ್ ಬಣ್ಣವನ್ನೇ ಅಳಿಸುತ್ತದೆ, ಪಿಷ್ಟ ಜೀರ್ಣವಾದಂತೆ ಸುಳ್ಳು ತೋರುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವೇ ಸರಿ. ಜಠರದಲ್ಲಿ ಇರುವುದೂ ಅದೇ. ಕಡಂಬುಟ್ಟು (ಕೊಡಗಿನ ಅಕ್ಕಿ ಕಡುಬು) ತಿಂದರೆ ಅಕ್ಕಿಯ ಪಿಷ್ಟದ ಮೇಲೆ ಅಮೈಲೇಸ್ ಕೆಲಸ ನುಂಗಿದ ಮೇಲೂ ತುತ್ತಿನ ಒಳಗೆ ಸ್ವಲ್ಪ ಹೊತ್ತು ನಡೆಯುತ್ತದೆ, ಆಮ್ಲ ಒಳಕ್ಕೆ ಇಳಿದಾಗ ನಿಲ್ಲುತ್ತದೆ. ಜೊತೆಗಿರುವ ಪಂದಿಕರಿಯ ಹಂದಿಮಾಂಸಕ್ಕೆ ಆಗ ಪ್ರೋಟೀನ್ ಒಡೆಯುವ ಜಠರದ ಕಿಣ್ವ ಪೆಪ್ಸಿನ್ ಕೈಹಾಕುತ್ತದೆ. ಅದಕ್ಕೆ ಪಿಎಚ್ 2ರ ಆಸುಪಾಸು ಬೇಕು. ಉಳಿದ ಪಿಷ್ಟಕ್ಕೆ ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಸಿಗುತ್ತದೆ. ಅಲ್ಲಿ ಬೈಕಾರ್ಬನೇಟ್ ಆಮ್ಲವನ್ನು ತಗ್ಗಿಸಿರುತ್ತದೆ.

ಕೊಬ್ಬಿನ ಸರದಿಯಲ್ಲಿ ಪಿತ್ತರಸವನ್ನೂ ಕಿಣ್ವ ಎಂದು ಬರೆಯುವುದು ಹಳೆಯ ತಪ್ಪು. ಅದರಲ್ಲಿ ಜೀರ್ಣ ಮಾಡುವ ಕಿಣ್ವವಿಲ್ಲ, ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ ಅಷ್ಟೇ. ಆ ಹನಿಗಳ ಕೊಬ್ಬನ್ನು ಕತ್ತರಿಸುವ ಕಿಣ್ವ ಲೈಪೇಸ್. ತೋರಿಸುವುದು ಸುಲಭ: ಎರಡು ಟ್ಯೂಬಿನಲ್ಲಿ ನೀರು, ಎಣ್ಣೆ, ಒಂದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡನ್ನೂ ಕುಲುಕಿ. ಲಿಕ್ವಿಡ್ ಇಲ್ಲಿ ಪಿತ್ತರಸದ ಬದಲಿಗೆ, ಅದೂ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಜುಲೈಯಲ್ಲಿ ಬಾಟಲಿಯಿಂದ ಕೆಳಗೇ ಇಳಿಯುವುದಿಲ್ಲ. ಸೂರ್ಯಕಾಂತಿ ಎಣ್ಣೆ ತನ್ನಿ.