ಹತ್ತದ ಬಲ್ಬು

ಬೆಂಗಳೂರಿನ ಹನುಮಂತನಗರದ ಆ ಮನೆ ಕಟ್ಟಿದ್ದು 1984ರಲ್ಲಿ. ಕೆಳಗೆ ಯಜಮಾನರು, ಮೇಲೆ ಬಾಡಿಗೆಗೆ ಒಂದು ಸಂಸಾರ. ಕೊಳ್ಳುವ ಮಾತಾದ ಮೇಲೆ ವಕೀಲರು 30 ವರ್ಷದ ಇ.ಸಿ. (ಋಣಭಾರ ಪತ್ರ) ತೆಗೆಸಿದರು. ಖಾತಾ, ತಾಯಿಪತ್ರ, ಕಂದಾಯದ ರಸೀದಿ ಎಲ್ಲ ನೋಡಿದರು. ಬ್ಯಾಂಕಿನ ಕಡೆಯವರು ಬಂದು ಅಳತೆ ಮಾಡಿಕೊಂಡು ಹೋದರು. ವಿಮೆಯ ಅರ್ಜಿಯಲ್ಲಿ ಮನೆಗೆ ಎಷ್ಟು ವರ್ಷವಾಯಿತು ಅಂತ ಕೇಳಿದ್ದರು. ವೈರಿಂಗ್ ಹೇಗಿದೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ನನ್ನ ಸೋದರಮಾವ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್. "ಅಡ್ವಾನ್ಸ್ ಕೊಡೋಕೆ ಮುಂಚೆ ನಾನೊಂದ್ಸಲ ನೋಡ್ತೀನಿ ಕಣೋ" ಅಂದರು. ಯಜಮಾನರಿಗೆ ಹೇಳಲು ನನಗೆ ಸಂಕೋಚ. ಹೇಳಿದಾಗ ಅವರ ಮುಖ ಸಪ್ಪಗಾಯಿತು. "ಇಷ್ಟು ವರ್ಷದಲ್ಲಿ ಫ್ಯೂಸ್ ಹೋಗಿದ್ದೇ ಅಪರೂಪ ಸ್ವಾಮಿ" ಅಂದರು.

ಭಾನುವಾರ ಬೆಳಿಗ್ಗೆ ಮಾವ ಬಂದರು. ಮೊದಲು ಮೇನ್ ಬೋರ್ಡ್. ಪಿಂಗಾಣಿ ಫ್ಯೂಸ್ ಕಿತ್ತು ನೋಡಿದರೆ ಅದರಲ್ಲಿ ಫ್ಯೂಸ್ ವೈರೇ ಇಲ್ಲ. ಯಾರೋ ದಪ್ಪನೆಯ ತಾಮ್ರದ ಎಳೆ ಸುತ್ತಿದ್ದರು. ಅದು ಕರಗುವ ಹೊತ್ತಿಗೆ ಗೋಡೆಯೊಳಗಿನ ವೈರ್ ಸುಟ್ಟಿರುತ್ತದೆ.

ಆಮೇಲೆ ಮಾವ ಚೀಲದಿಂದ ಒಂದು ಹೋಲ್ಡರ್ ತೆಗೆದರು. ಅದಕ್ಕೆ 100 ವಾಟ್‌ನ ಬಲ್ಬು, ಎರಡು ವೈರು. ಪ್ಲಗ್ ಪಾಯಿಂಟಿನಲ್ಲಿ ಕರೆಂಟು ಬರುವ ಫೇಸ್‌ಗೂ ಅದು ವಾಪಸ್ ಹೋಗುವ ನ್ಯೂಟ್ರಲ್‌ಗೂ ಇಟ್ಟರು. ಝಗ್ಗನೆ ಹತ್ತಿತು. ಫೇಸ್‌ಗೂ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್‌ಗೂ ಇಟ್ಟರು. ಹತ್ತಲಿಲ್ಲ. ಪಕ್ಕದ ರೂಮಿನಲ್ಲೂ ಅಷ್ಟೇ, ಅಡುಗೆಮನೆಯಲ್ಲೂ ಅಷ್ಟೇ. ಅಂದರೆ ಅರ್ಥ್ ಕೆಲಸ ಮಾಡುತ್ತಿಲ್ಲ. ಆದರೆ ಎಲ್ಲ ಪಾಯಿಂಟಿಗೂ ಅರ್ಥ್‌ನ ಹಸಿರು ವೈರ್ ಇತ್ತು! ಅದು ಎಲ್ಲಿಗೆ ಹೋಗುತ್ತದೆ ಅಂತ ಹುಡುಕುತ್ತಾ ಹಿತ್ತಲಿಗೆ ಬಂದೆವು. ಅಲ್ಲಿ ಒಂದು ಗೇಣು ಕಬ್ಬಿಣದ ಪೈಪಿಗೆ ಅದನ್ನು ಬಿಗಿದಿದ್ದರು. ಹಿಂದೆ ನೀರಿನ ಪೈಪನ್ನೇ ಅರ್ಥ್ ಮಾಡಿಕೊಂಡಿದ್ದರಂತೆ. ಪ್ಲಂಬರ್ ಬಂದು ಹಳೇ ಪೈಪ್ ಕಿತ್ತು ಪ್ಲಾಸ್ಟಿಕ್ ಪೈಪ್ ಹಾಕಿದಾಗ ಆ ತುಂಡು ಮಾತ್ರ ಗೋಡೆಯಲ್ಲಿ ಉಳಿದಿತ್ತು. ಅವತ್ತಿನಿಂದ ಇಡೀ ಮನೆಗೆ ಅರ್ಥಿಂಗೇ ಇರಲಿಲ್ಲ. ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಯಾರಿಗೆ ಗೊತ್ತಾಗಬೇಕು?

ಗೊತ್ತಾಗಿದ್ದು ಮೇಲಿನ ಮನೆಯ ಪುಟ್ಟ ಹುಡುಗಿಗೆ. "ತಾತ, ನಮ್ಮ ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಇರುವೆ ಕಚ್ಚಿದ ಹಾಗಾಗುತ್ತೆ" ಅಂದಳು. "ಸುಮ್ನೆ ಸ್ನಾನ ತಪ್ಪಿಸೋಕೆ ಹೇಳ್ತಾಳೆ ಅಂದ್ಕೊಂಡಿದ್ವಿ" ಅಂತ ಅವಳಮ್ಮ ಹೇಳಿದರು. ಮಾವ ಗೀಸರಿನ ಮೈಗೆ ಟೆಸ್ಟರ್ ಇಟ್ಟರು, ಹತ್ತಿತು. ಮೇನ್ ಆಫ್ ಮಾಡಿ, ಗೀಸರಿನ ಪ್ಲಗ್ ಕಿತ್ತು, ಮೆಗ್ಗರ್ ಹಾಕಿದರು. 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಯಂತ್ರ ಅದು. ಕಡಿಮೆ ಅಂದರೂ 1 ಮೆಗಾಓಮ್ ತೋರಿಸಬೇಕಂತೆ. ಮುಳ್ಳು ಸೊನ್ನೆ ಬಿಟ್ಟು ಕದಲಲೇ ಇಲ್ಲ. ಅಂದರೆ ಕರೆಂಟು ಗೀಸರಿನ ಮೈಗೆ ಸೋರುತ್ತಿತ್ತು.

ನನ್ನ ಕೈಕಾಲು ತಣ್ಣಗಾಯಿತು. ಆ ಮಗು ದಿನಾ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಆ ನಲ್ಲಿ ತಿರುಗಿಸುತ್ತಿತ್ತು, ಅಲ್ವಾ. ಯಜಮಾನರು ಏನೂ ಮಾತಾಡಲಿಲ್ಲ. ಕೆಳಗೆ ಹೋಗಿ ಗ್ಯಾಸಿನ ಮೇಲೆ ನೀರು ಕಾಯಿಸಿ, ಬಕೆಟ್ಟನ್ನು ತಾವೇ ಮೇಲಕ್ಕೆ ಹೊತ್ತು ತಂದರು.

ನಾವು ಆ ಮನೆಯನ್ನೇ ಕೊಂಡೆವು. ರೀವೈರಿಂಗ್ ಖರ್ಚಿನಲ್ಲಿ ಅರ್ಧವನ್ನು ಯಜಮಾನರೇ ಬೆಲೆಯಲ್ಲಿ ಕಡಿಮೆ ಮಾಡಿದರು. ಹೊಸ ಅರ್ಥಿಂಗ್‌ಗೆ ಹಿತ್ತಲಲ್ಲಿ ಗುಂಡಿ ತೋಡಿಸಿ, ಎರಡೂವರೆ ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿದೆವು. ಫ್ಯೂಸಿನ ಜಾಗಕ್ಕೆ, ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಬಂತು. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಒಳಗೆ ಹೋದ ಕರೆಂಟು ಪೂರ್ತಿ ವಾಪಸ್ ಬರದೆ ಬೇರೆ ಎಲ್ಲೋ ಸೋರಿದರೆ, ಅದು ಮನುಷ್ಯರ ಮೈಯಿಂದ ಹರಿದರೂ ಸರಿ, ಕ್ಷಣದಲ್ಲಿ ಲೈನ್ ಕಟ್ ಮಾಡುತ್ತದೆ. ಇದೊಂದಕ್ಕೆ ಮಾತ್ರ ಯಾರೂ ಚೌಕಾಸಿ ಮಾಡಬೇಡಿ. ಎಂಸಿಬಿ ಇದ್ದರೆ ಸಾಕು ಅಂದುಕೊಂಡವರು ಜಾಸ್ತಿ. ಅದು ವೈರನ್ನು ಕಾಯುತ್ತದೆ, ಮುಟ್ಟಿದವರನ್ನಲ್ಲ.

ಕೆಲಸ ಮುಗಿದ ಮೇಲೆ ಮಾವ ಎಲ್ಲ ಪಾಯಿಂಟಿನ ರೀಡಿಂಗ್ ಬರೆದು, ತಾರೀಕು ಹಾಕಿ, ಸಹಿ ಮಾಡಿ ಕೊಟ್ಟರು. ಆ ಹಾಳೆಯನ್ನು ಕ್ರಯಪತ್ರದ ಫೈಲಿನಲ್ಲೇ ಇಟ್ಟಿದ್ದೇನೆ. ಬಾಡಿಗೆಯವರಿಗೂ ಒಂದು ಜೆರಾಕ್ಸ್ ಕೊಟ್ಟೆ.

ಎರಡು ತಿಂಗಳ ಮೇಲೆ ಹಳೇ ಯಜಮಾನರ ಫೋನ್ ಬಂತು. ಮಗನ ಜೊತೆ ನಾಗರಬಾವಿಯಲ್ಲಿ ಇದ್ದಾರಂತೆ. ಹೊಸ ಫ್ಲ್ಯಾಟು, ಎಲ್ಲ ಚೆನ್ನಾಗಿದೆಯಂತೆ. "ನಿಮ್ಮ ಮಾವನವರನ್ನ ಒಂದ್ಸಲ ಕಳಿಸಿಕೊಡ್ತೀರಾ?" ಅಂದರು. "ಆ ಬಲ್ಬು ತರೋಕೆ ಹೇಳಿ. ಮನೇಲಿ ಮೊಮ್ಮಗು ಇದೆ."